ಹಳೆಯ ನೌಕರಿ ಬಿಡುವ ಮುನ್ನ: ಜೊತೆಗೆ ಬರುವುದೇನು, ಉಳಿದುಹೋಗುವುದೇನು

ಕಲಾದಗಿ, ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಭಾಗದ ಜೈನ ಕುಟುಂಬಗಳಲ್ಲಿ ಹೊಲ, ತೋಟ, ಅಂಗಡಿಗಳ ಜೊತೆಗೆ ಇಂದು ತಿಂಗಳ ಪಗಾರವೂ ಮನೆ ನಡೆಸುತ್ತದೆ. ಸಕ್ಕರೆ ಮತ್ತು ಸಿಮೆಂಟ್ ಕಾರ್ಖಾನೆ, ಗ್ರಾನೈಟ್ ಉದ್ಯಮ, ಶಾಲೆ ಕಾಲೇಜು, ಪತ್ತಿನ ಸಹಕಾರಿ ಸಂಘ, ಬಟ್ಟೆ ಅಂಗಡಿಯ ಲೆಕ್ಕಪತ್ರ ಹೀಗೆ ಹತ್ತು, ಹದಿನೈದು ವರ್ಷ ಒಂದೇ ಕಡೆ ದುಡಿದವರು ಬಹಳ ಜನ ಇದ್ದಾರೆ. ಅವರಲ್ಲಿ ಯಾರಿಗಾದರೂ ಬೆಂಗಳೂರು, ಪುಣೆ ಅಥವಾ ಹುಬ್ಬಳ್ಳಿಯಿಂದ ಹೆಚ್ಚಿನ ಸಂಬಳದ ಕರೆ ಬಂದರೆ ಮನೆಯಲ್ಲಿ ಎರಡು ಮಾತು ಏಳುತ್ತವೆ. "ಇಷ್ಟು ವರ್ಷದ ಸರ್ವಿಸ್ ಎಲ್ಲ ಹೋಗ್ತದ, ಬಿಡಬ್ಯಾಡ" ಎನ್ನುವುದು ಹಿರಿಯರ ಮಾತು. "ಪಗಾರ ಇಷ್ಟು ಹೆಚ್ಚಾಗತದ, ಇನ್ನೇನು ನೋಡೋದು" ಎನ್ನುವುದು ಕಿರಿಯರ ಮಾತು.

ಎರಡೂ ಮಾತುಗಳಲ್ಲಿ ಅರ್ಧ ಸತ್ಯವಿದೆ. ಹೋಗುತ್ತದೆ ಎಂದು ಹೆದರುವ ಹಲವು ಸೌಲಭ್ಯಗಳು ವಾಸ್ತವದಲ್ಲಿ ನೌಕರನ ಜೊತೆಗೇ ಬರುತ್ತವೆ. ಸಿಗುತ್ತದೆ ಎಂದು ನಂಬಿದ ಹಣದಲ್ಲಿ ಒಂದು ಪಾಲು ಕೈಗೆ ಬರುವುದೇ ಇಲ್ಲ. ಇನ್ನು ಕೆಲವು ಹಕ್ಕುಗಳು ಎರಡು ಮೂರು ತಿಂಗಳ ಅವಸರದಿಂದ ತಪ್ಪಿಹೋಗುತ್ತವೆ. ಇವನ್ನು ಬೇರೆ ಬೇರೆಯಾಗಿ ಬರೆದುಕೊಂಡರೆ ನಿರ್ಧಾರದ ಭಾರ ಅರ್ಧ ಇಳಿಯುತ್ತದೆ.

ಆಫರ್ ಪತ್ರದ ದೊಡ್ಡ ಅಂಕಿ

ಹೊಸ ಕಂಪನಿಗಳು ವರ್ಷದ ಲೆಕ್ಕದಲ್ಲಿ ಸಿಟಿಸಿ ಎಂಬ ಮೊತ್ತ ಹೇಳುತ್ತವೆ. ನೌಕರನಿಗಾಗಿ ಕಂಪನಿ ಮಾಡುವ ಒಟ್ಟು ಖರ್ಚು ಎಂದು ಅದರ ಅರ್ಥ, ಕೈಗೆ ಬರುವ ಸಂಬಳ ಎಂದಲ್ಲ. ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ.

ಬಾಗಲಕೋಟೆಯ ಖಾಸಗಿ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ 9 ವರ್ಷ 4 ತಿಂಗಳಿಂದ ದುಡಿಯುತ್ತಿರುವ ಒಬ್ಬ ನೌಕರನನ್ನು ಊಹಿಸಿಕೊಳ್ಳಿ. ತಿಂಗಳ ಒಟ್ಟು ಸಂಬಳ 34,000 ರೂಪಾಯಿ, ಅದರಲ್ಲಿ ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 26,000. ಭವಿಷ್ಯ ನಿಧಿಗೆ ಶೇ. 12ರಂತೆ 3,120 ಮತ್ತು ವೃತ್ತಿ ತೆರಿಗೆ 200 ಕಳೆದರೆ ಕೈಗೆ 30,680 ಬರುತ್ತದೆ. ಆತನಿಗೆ ಬೆಂಗಳೂರಿನಿಂದ ವರ್ಷಕ್ಕೆ 6 ಲಕ್ಷ ಸಿಟಿಸಿಯ ಕರೆ ಬಂದಿದೆ. ತಿಂಗಳಿಗೆ 50,000 ಎಂದು ಮನೆಯವರೆಲ್ಲ ಲೆಕ್ಕ ಹಾಕಿದ್ದಾರೆ.

ಆ 50,000ವನ್ನು ಬಿಡಿಸಿ ನೋಡಬೇಕು. ವರ್ಷಕ್ಕೆ 60,000 ರೂಪಾಯಿ ಕೆಲಸದ ಫಲಿತಾಂಶ ನೋಡಿ ಕೊಡುವ ಮೊತ್ತ ಎಂದು ಪತ್ರದಲ್ಲಿದ್ದರೆ ತಿಂಗಳಿಗೆ 5,000 ಖಾತ್ರಿಯಿಲ್ಲ. ಮೂಲವೇತನ 25,000 ಇದ್ದು ಪೂರ್ತಿ ಮೂಲವೇತನದ ಮೇಲೆ ಭವಿಷ್ಯ ನಿಧಿ ಕಟ್ಟುವುದಾದರೆ ಕಂಪನಿಯ ಪಾಲು 3,000 ಕೂಡ ಇದೇ ಸಿಟಿಸಿಯೊಳಗಿದೆ. ಗ್ರಾಚ್ಯುಟಿಗೆಂದು ಮೂಲವೇತನದ ಶೇ. 4.81, ಅಂದರೆ ಸುಮಾರು 1,200 ಸೇರಿಸಿರುತ್ತಾರೆ. ನೌಕರನ ಪಾಲಿನ ಭವಿಷ್ಯ ನಿಧಿ 3,000 ಮತ್ತು ವೃತ್ತಿ ತೆರಿಗೆ 200 ಬೇರೆ. ಕೈಗೆ ಬರುವುದು ಸುಮಾರು 37,600.

ಅಂದರೆ ಹೆಚ್ಚಾಗಿದ್ದು 16,000 ಅಲ್ಲ, 7,000ಕ್ಕಿಂತ ತುಸು ಕಡಿಮೆ. ಬಾಗಲಕೋಟೆಯಲ್ಲಿ ಸ್ವಂತ ಮನೆಯಿದ್ದು ಬೆಂಗಳೂರಿನಲ್ಲಿ 14,000 ಬಾಡಿಗೆ ಕಟ್ಟಬೇಕಾದರೆ ತಿಂಗಳ ಕೊನೆಗೆ ಮೊದಲಿಗಿಂತ 7,000 ಕಡಿಮೆ ಉಳಿಯುತ್ತದೆ. ಮುಂಗಡ ಠೇವಣಿ, ಮಕ್ಕಳ ಶಾಲೆಯ ಪ್ರವೇಶ ಶುಲ್ಕ, ಹಬ್ಬಕ್ಕೆ ಊರಿಗೆ ಬಂದುಹೋಗುವ ಖರ್ಚು ಇನ್ನೂ ಸೇರಿಲ್ಲ.

ಹೋಲಿಸುವಾಗ ಎರಡೂ ಕಡೆ ಒಂದೇ ಅಳತೆ ಇರಬೇಕು. ಹಳೆಯ ಸಂಸ್ಥೆಯೂ ಭವಿಷ್ಯ ನಿಧಿಯ ತನ್ನ ಪಾಲು ಕಟ್ಟುತ್ತಿದೆ, ಗ್ರಾಚ್ಯುಟಿಯ ಹೊಣೆ ಹೊತ್ತಿದೆ. ಅವನ್ನು ಸೇರಿಸಿದರೆ ಈ ನೌಕರನ ಈಗಿನ ಸಿಟಿಸಿಯೇ ವರ್ಷಕ್ಕೆ ಸುಮಾರು 4.6 ಲಕ್ಷ ಆಗುತ್ತದೆ. ಹೋಲಿಕೆ ಇರುವುದು 4.6 ಲಕ್ಷ ಮತ್ತು ಖಾತ್ರಿಯಾದ 5.4 ಲಕ್ಷದ ನಡುವೆ. ಇದರರ್ಥ ಹೋಗಬಾರದು ಎಂದಲ್ಲ. ಕಲಿಯುವ ಅವಕಾಶ, ಮುಂದಿನ ಬಡ್ತಿ, ಹೆಂಡತಿಗೂ ಅಲ್ಲಿ ಕೆಲಸ ಸಿಗುವ ಸಾಧ್ಯತೆ ಇವೆಲ್ಲ ಹೋಗಲು ಒಳ್ಳೆಯ ಕಾರಣಗಳೇ. ಆದರೆ ಮೊದಲ ವರ್ಷವೇ ಹಣ ಉಳಿಯುತ್ತದೆ ಎಂಬುದು ಮಾತ್ರ ಕಾರಣವಾಗಲಾರದು.

ಜೊತೆಗೆ ಬರುವುದು: ಭವಿಷ್ಯ ನಿಧಿ ಮತ್ತು ಪಿಂಚಣಿಯ ವರ್ಷಗಳು

ಹಿರಿಯರ ಹೆದರಿಕೆ ಹೆಚ್ಚಾಗಿ ಇಲ್ಲಿಯದು. ಭವಿಷ್ಯ ನಿಧಿಯ ಹಣ ಸಂಸ್ಥೆಯದಲ್ಲ, ನೌಕರನದು. ಯುಎಎನ್ ಸಂಖ್ಯೆ ಜೀವನಪೂರ್ತಿ ಒಂದೇ. ಹೊಸ ಸಂಸ್ಥೆಗೆ ಅದೇ ಸಂಖ್ಯೆ ಕೊಟ್ಟು ಹಳೆಯ ಖಾತೆಯ ಮೊತ್ತವನ್ನು ವರ್ಗಾಯಿಸಿಕೊಂಡರೆ ಸೇವೆ ಮುಂದುವರಿದಂತೆಯೇ ಲೆಕ್ಕ.

1995ರ ನೌಕರರ ಪಿಂಚಣಿ ಯೋಜನೆಯ ಸದಸ್ಯರಾದವರಿಗೂ ಇದೇ ಮಾತು ಅನ್ವಯ. 10 ವರ್ಷ ಸೇವೆಯಾದರೆ 58ನೇ ವಯಸ್ಸಿನಿಂದ ತಿಂಗಳ ಪಿಂಚಣಿಯ ಹಕ್ಕು ಬರುತ್ತದೆ, ಮತ್ತು ಆ 10 ವರ್ಷ ಒಂದೇ ಸಂಸ್ಥೆಯಲ್ಲಿ ಆಗಬೇಕೆಂದಿಲ್ಲ. ಪಿಂಚಣಿಗೆ ಲೆಕ್ಕ ಹಿಡಿಯುವ ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ವೇತನದ ಮಿತಿ 15,000 ಇರುವುದರಿಂದ 10 ವರ್ಷಕ್ಕೆ ತಿಂಗಳಿಗೆ 2,143 ರೂಪಾಯಿ, 30 ವರ್ಷಕ್ಕೆ 6,429 ರೂಪಾಯಿ ಆಗುತ್ತದೆ.

ಇಲ್ಲಿ ನಷ್ಟ ಮಾಡಿಕೊಳ್ಳುವುದು ಹೆಚ್ಚಾಗಿ ನೌಕರರೇ. ಕೆಲಸ ಬಿಟ್ಟ ಕೂಡಲೇ ಭವಿಷ್ಯ ನಿಧಿಯನ್ನು ಪೂರ್ತಿ ತೆಗೆದು ಮನೆಯ ದುರಸ್ತಿಗೋ ಬೈಕಿಗೋ ಹಾಕುವವರಿದ್ದಾರೆ. ಅದರ ಜೊತೆಗೇ ಪಿಂಚಣಿಯ ಮೊತ್ತವನ್ನೂ ಹಿಂಪಡೆದರೆ ಅಷ್ಟು ವರ್ಷಗಳ ಪಿಂಚಣಿ ಸೇವೆ ಅಳಿಸಿಹೋಗಿ ಮತ್ತೆ ಒಂದರಿಂದ ಎಣಿಕೆ ಶುರುವಾಗುತ್ತದೆ. ಒಟ್ಟು ಸೇವೆ ಐದು ವರ್ಷ ತುಂಬುವ ಮುನ್ನ ಭವಿಷ್ಯ ನಿಧಿ ತೆಗೆದರೆ ಅದಕ್ಕೆ ತೆರಿಗೆಯೂ ಬೀಳಬಹುದು. ಹೊಸ ಸಂಸ್ಥೆ ಚಿಕ್ಕದಾಗಿದ್ದು ಅಲ್ಲಿ ಭವಿಷ್ಯ ನಿಧಿಯೇ ಇಲ್ಲದಿದ್ದರೆ ಹಿಂಪಡೆಯುವ ಬದಲು ಫಾರ್ಮ್ 10ಸಿ ಮೂಲಕ ಯೋಜನಾ ಪ್ರಮಾಣಪತ್ರ ಪಡೆದು ಇಟ್ಟುಕೊಳ್ಳಬಹುದು. ಮುಂದೆ ಭವಿಷ್ಯ ನಿಧಿ ಇರುವ ಕೆಲಸ ಸಿಕ್ಕಾಗ ಹಳೆಯ ವರ್ಷಗಳು ಅದಕ್ಕೆ ಸೇರುತ್ತವೆ.

ಉಳಿದುಹೋಗುವುದು: ಗ್ರಾಚ್ಯುಟಿಯ ಎಣಿಕೆ

ಗ್ರಾಚ್ಯುಟಿ ಭವಿಷ್ಯ ನಿಧಿಯಂತಲ್ಲ. ಒಂದು ಸಂಸ್ಥೆಯ ಸೇವೆ ಇನ್ನೊಂದಕ್ಕೆ ಸೇರುವುದಿಲ್ಲ. ಖಾಯಂ ನೌಕರ ಒಂದೇ ಕಡೆ ಐದು ವರ್ಷ ತುಂಬಿಸಿದರೆ ರಾಜೀನಾಮೆ ಕೊಟ್ಟರೂ ಗ್ರಾಚ್ಯುಟಿಯ ಹಕ್ಕಿದೆ. 1972ರ ಕಾಯ್ದೆಯ ಈ ನಿಯಮ 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಮುಂದುವರಿದಿದೆ. ನಿಗದಿತ ಅವಧಿಯ ಗುತ್ತಿಗೆಯ ಮೇಲೆ ನೇಮಕವಾದವರಿಗೆ ಹೊಸ ಸಂಹಿತೆಯಲ್ಲಿ ಒಂದು ವರ್ಷದ ಸೇವೆ ಸಾಕು.

ಲೆಕ್ಕ ಸರಳವಾಗಿದೆ. ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ಒಂದು ವರ್ಷದ ಗ್ರಾಚ್ಯುಟಿ. ಮೇಲಿನ ನೌಕರನಿಗೆ 26,000ದ ಮೇಲೆ ವರ್ಷಕ್ಕೆ 15,000 ರೂಪಾಯಿ. ಆರು ತಿಂಗಳಿಗಿಂತ ಹೆಚ್ಚಿನ ಭಾಗವನ್ನು ಪೂರ್ತಿ ವರ್ಷವೆಂದು ಎಣಿಸಬೇಕು, ಅದಕ್ಕಿಂತ ಕಡಿಮೆಯಿದ್ದರೆ ಬಿಡಬೇಕು. 9 ವರ್ಷ 4 ತಿಂಗಳಿಗೆ ಹೊರಟರೆ 9 ವರ್ಷಕ್ಕೆ 1,35,000. 9 ವರ್ಷ 7 ತಿಂಗಳಿಗೆ ಹೊರಟರೆ 10 ವರ್ಷಕ್ಕೆ 1,50,000.

ಮೂರು ತಿಂಗಳಲ್ಲಿ ಬದಲಾಗುವುದು ಆ 15,000 ಮಾತ್ರವಲ್ಲ. ಪಿಂಚಣಿ ಯೋಜನೆಯಲ್ಲೂ ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚಿನ ಭಾಗ ಒಂದು ವರ್ಷವಾಗಿ ಎಣಿಕೆಯಾಗುತ್ತದೆ. 9 ವರ್ಷ 6 ತಿಂಗಳು ದಾಟಿದರೆ ಮುಂದಿನ ಕೆಲಸ ಎಂಥದ್ದೇ ಇರಲಿ, ಪಿಂಚಣಿಯ ಹಕ್ಕು ಗಟ್ಟಿಯಾಗುತ್ತದೆ. ಹೊಸ ಕಂಪನಿ ಅವಸರ ಮಾಡಿ, ನೋಟಿಸ್ ಅವಧಿಯ ಹಣ ತಾನೇ ಕಟ್ಟುತ್ತೇನೆ, ಈ ವಾರವೇ ಬನ್ನಿ ಎಂದರೆ ಉಪಕಾರದಂತೆ ಕಾಣುತ್ತದೆ. ಈ ನೌಕರನಿಗೆ ಮಾತ್ರ ಮೂರು ತಿಂಗಳ ನೋಟಿಸ್ ಅವಧಿಯನ್ನು ದುಡಿದು ಮುಗಿಸುವುದೇ ಲಾಭ. ನಾಲ್ಕು ವರ್ಷ ಚಿಲ್ಲರೆ ಸೇವೆಯಾದವರಿಗೂ ಇದೇ ಸಲಹೆ. ಐದು ತುಂಬಲು ಕೆಲವೇ ತಿಂಗಳು ಬಾಕಿಯಿದ್ದರೆ ತುಂಬಿಸಿಯೇ ಹೊರಡುವುದು ತಕರಾರಿಲ್ಲದ ದಾರಿ.

ಇಲ್ಲಿ ಅಂಗಡಿ ಮಾಲೀಕರಿಗೂ ಒಂದು ಮಾತಿದೆ. ಗ್ರಾಚ್ಯುಟಿ ಕಾರ್ಖಾನೆಗಳಿಗೆ ಮಾತ್ರ ಎಂಬ ತಿಳಿವಳಿಕೆ ತಪ್ಪು. 10 ಅಥವಾ ಹೆಚ್ಚು ಜನ ದುಡಿಯುವ ಅಂಗಡಿ, ಶಾಲೆ, ಸಂಸ್ಥೆಗಳಿಗೂ ಇದು ಅನ್ವಯಿಸುತ್ತದೆ. ಇಪ್ಪತ್ತು ವರ್ಷ ಲೆಕ್ಕ ಬರೆದ ಗುಮಾಸ್ತರು ಬಿಟ್ಟು ಹೊರಟಾಗ ಶಾಲು ಹೊದಿಸಿ ಕಳಿಸುವುದು ಗೌರವ, ಗ್ರಾಚ್ಯುಟಿ ಕೊಡುವುದು ಕಾನೂನು. ಪರರ ಹಕ್ಕಿನ ಹಣ ಇಟ್ಟುಕೊಳ್ಳದಿರುವುದು ಅಚೌರ್ಯ ವ್ರತದ ಮಾತೂ ಹೌದು.

ಆಸ್ಪತ್ರೆಯ ಖರ್ಚು ಮತ್ತು ವಿಮೆ

ಇದು ಮನೆಯ ಚರ್ಚೆಯಲ್ಲಿ ಮರೆತುಹೋಗುವ ವಿಷಯ. ತಿಂಗಳ ವೇತನ 21,000ದವರೆಗೆ ಇರುವವರಿಗೆ ಇಎಸ್‌ಐ ಸೌಲಭ್ಯವಿದೆ, ಅವಲಂಬಿತ ತಂದೆತಾಯಿಗೂ ಅದರಲ್ಲಿ ಚಿಕಿತ್ಸೆ ಸಿಗುತ್ತದೆ. 20,000ದಿಂದ 26,000ಕ್ಕೆ ಹೋದವರು ಆ ಮಿತಿ ದಾಟುತ್ತಾರೆ. ಹೊಸ ಕಂಪನಿಯ ಗುಂಪು ವಿಮೆಯಲ್ಲಿ ತಂದೆತಾಯಿ ಸೇರುತ್ತಾರೆಯೇ ಎಂದು ಕೇಳಿ ತಿಳಿಯಬೇಕು. ಸೇರದಿದ್ದರೆ ಹಿರಿಯರಿಗೆ ಬೇರೆ ವಿಮೆ ಮಾಡಿಸುವ ಕಂತು ಹೊಸ ಸಂಬಳದಿಂದಲೇ ಹೋಗಬೇಕು. ಹಳೆಯ ಸಂಸ್ಥೆಯ ಗುಂಪು ವಿಮೆ ಸಾಮಾನ್ಯವಾಗಿ ಕೊನೆಯ ಕೆಲಸದ ದಿನಕ್ಕೇ ಮುಗಿಯುವುದರಿಂದ ಎರಡು ಕೆಲಸಗಳ ನಡುವೆ ಬಹಳ ದಿನ ಖಾಲಿ ಬಿಡದಿರುವುದು ಲೇಸು.

ಬಾಂಡ್ ಬರೆದುಕೊಟ್ಟವರಿಗೆ: ವಿಜಯಾ ಬ್ಯಾಂಕ್ ಪ್ರಕರಣ

ಒಳ್ಳೆಯ ಕೆಲಸಕ್ಕಾಗಿ ಹಳೆಯದನ್ನು ಬಿಟ್ಟಾಗ ಏನಾಗಬಹುದು ಎಂಬುದಕ್ಕೆ ಕರ್ನಾಟಕದ್ದೇ ಆದ ಒಂದು ಪ್ರಕರಣ ಈಗ ಸುಪ್ರೀಂ ಕೋರ್ಟಿನ ತೀರ್ಪಾಗಿ ನಿಂತಿದೆ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದ ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರ ವಿಷಯವದು.

ಅವರು 1999ರಲ್ಲಿ ಬ್ಯಾಂಕಿಗೆ ಸೇರಿದ್ದರು. 2006ರಲ್ಲಿ ಬ್ಯಾಂಕು ಹೊಸ ನೇಮಕಾತಿ ಪ್ರಕಟಿಸಿತು. ಆಯ್ಕೆಯಾದವರು ಮೂರು ವರ್ಷಕ್ಕೆ ಮೊದಲು ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕು ಎಂಬ ಷರತ್ತು ಅದರಲ್ಲಿತ್ತು. ಅದೇ ನೇಮಕಾತಿಯಲ್ಲಿ ಹಿರಿಯ ವ್ಯವಸ್ಥಾಪಕರಾಗಿ ಆಯ್ಕೆಯಾದ ಅವರು 2007ರ ಸೆಪ್ಟೆಂಬರಿನಲ್ಲಿ ಆ ಹುದ್ದೆಗೆ ಬಂದರು. 2009ರ ಜುಲೈನಲ್ಲಿ ಐಡಿಬಿಐ ಬ್ಯಾಂಕಿಗೆ ಸೇರಲು ರಾಜೀನಾಮೆ ಕೊಟ್ಟರು. ಆಕ್ಷೇಪ ಇಟ್ಟುಕೊಂಡೇ 2 ಲಕ್ಷ ಕಟ್ಟಿ, ಬಳಿಕ ಕರ್ನಾಟಕ ಹೈಕೋರ್ಟಿಗೆ ಹೋದರು. ಹೈಕೋರ್ಟಿನಲ್ಲಿ ತೀರ್ಪು ಅವರ ಪರವಾಯಿತು.

2025ರ ಮೇ 14ರಂದು ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಕೆಲಸ ಬಿಟ್ಟ ಮೇಲೆ ಬೇರೆಡೆ ದುಡಿಯಬಾರದು ಎಂದು ತಡೆಯುವುದು ಬೇರೆ, ಕೆಲಸದಲ್ಲಿರುವ ಅವಧಿಗೆ ಷರತ್ತು ಹಾಕುವುದು ಬೇರೆ ಎಂಬುದು ನ್ಯಾಯಾಲಯದ ನಿಲುವು. ಸಾರ್ವಜನಿಕ ಬ್ಯಾಂಕು ಬಹಿರಂಗ ಸ್ಪರ್ಧೆಯ ಮೂಲಕವೇ ನೇಮಕ ಮಾಡಿಕೊಳ್ಳಬೇಕು, ಅದಕ್ಕೆ ವೆಚ್ಚವಾಗುತ್ತದೆ. ಹಿರಿಯ ಹುದ್ದೆಯಲ್ಲಿ ಒಳ್ಳೆಯ ಸಂಬಳ ಪಡೆಯುವವರಿಗೆ 2 ಲಕ್ಷ ಎಂಬುದು ರಾಜೀನಾಮೆಯನ್ನೇ ಅಸಾಧ್ಯವಾಗಿಸುವಷ್ಟು ದೊಡ್ಡದಲ್ಲ ಎಂದು ತೀರ್ಪು ಹೇಳಿತು.

ಇದರಿಂದ ತಿಳಿಯುವುದು ಎರಡು. ಬಾಂಡಿನ ಕಾಗದಕ್ಕೆ ಬೆಲೆಯಿಲ್ಲ ಎಂದು ಯಾರೋ ಹೇಳಿದ್ದನ್ನು ನಂಬಿ ಹೊರಡಬಾರದು. ಹಾಗೆಂದು ಬಾಂಡ್ ಎಂದರೆ ಕೈಗೆ ಬೇಡಿಯೂ ಅಲ್ಲ. ಆ ಅಧಿಕಾರಿ ಹಣ ಕಟ್ಟಿದರು, ರಾಜೀನಾಮೆ ಅಂಗೀಕಾರವಾಯಿತು. ಬಾಂಡಿನ ಮೊತ್ತ ಮತ್ತು ಉಳಿದ ತಿಂಗಳು ಎರಡನ್ನೂ ಲೆಕ್ಕಕ್ಕೆ ಹಿಡಿದು, ಆ ಹಣವನ್ನು ಹೊಸ ಕಂಪನಿ ಭರಿಸುತ್ತದೆಯೇ ಎಂದು ಮೊದಲೇ ಕೇಳಬೇಕು. ಬೇರೆ ಬೇರೆ ಬಾಂಡುಗಳ ಷರತ್ತು ಬೇರೆ ಬೇರೆ ಇರುವುದರಿಂದ ದೊಡ್ಡ ಮೊತ್ತವಿದ್ದರೆ ವಕೀಲರಿಗೆ ತೋರಿಸುವುದು ಒಳಿತು.

ಸರ್ಕಾರಿ ನೌಕರರ ದಾರಿ ಬೇರೆ

ರಾಜ್ಯ ಸರ್ಕಾರಿ ಸೇವೆಯಲ್ಲಿರುವವರು ಮೇಲಿನ ಲೆಕ್ಕವನ್ನು ತಮಗೆ ಹಚ್ಚಿಕೊಳ್ಳಬಾರದು. ಸುಮ್ಮನೆ ರಾಜೀನಾಮೆ ಬರೆದುಕೊಟ್ಟರೆ ಹಿಂದಿನ ಸೇವೆಯ ಲಾಭ ಹೋಗುತ್ತದೆ. ಇಲಾಖೆಯ ಅನುಮತಿ ಪಡೆದು ಅರ್ಜಿ ಹಾಕಿ, ಇನ್ನೊಂದು ಸರ್ಕಾರಿ ಹುದ್ದೆಗೆ ಸೇರಲೆಂದೇ ಕ್ರಮಬದ್ಧವಾಗಿ ಬಿಡುಗಡೆ ಪಡೆದರೆ ಹಿಂದಿನ ಸೇವೆ ಉಳಿಯುವ ಅವಕಾಶವಿದೆ. ಅನುಮತಿಯ ಪತ್ರ ಅರ್ಜಿ ಹಾಕುವ ಮೊದಲೇ ಕೈಯಲ್ಲಿರಬೇಕು. 2006ರ ಏಪ್ರಿಲ್ 1 ಅಥವಾ ಬಳಿಕ ನೇಮಕವಾಗಿ ಎನ್‌ಪಿಎಸ್‌ನಲ್ಲಿರುವವರ ಖಾತೆ ಹೊಸ ಕೆಲಸಕ್ಕೂ ಮುಂದುವರಿಯುತ್ತದೆ. ಹಳೆಯ ಪಿಂಚಣಿಯಲ್ಲಿರುವವರು ರಾಜೀನಾಮೆಗೂ ಸ್ವಯಂ ನಿವೃತ್ತಿಗೂ ಇರುವ ವ್ಯತ್ಯಾಸವನ್ನು ಕಚೇರಿಯಲ್ಲಿ ಲಿಖಿತವಾಗಿ ತಿಳಿದುಕೊಂಡೇ ಮುಂದುವರಿಯಬೇಕು.

ಮನೆ, ವ್ರತ ಮತ್ತು ಕೆಲಸದ ಸಮಯ

ಜೈನ ಕುಟುಂಬಗಳಲ್ಲಿ ಸಂಬಳದಷ್ಟೇ ಮುಖ್ಯವಾದ ಪ್ರಶ್ನೆ ಕೆಲಸದ ವೇಳೆ. ಊರಿನ ಕಚೇರಿಯಿಂದ ಐದೂವರೆಗೆ ಹೊರಟು ಸೂರ್ಯಾಸ್ತದೊಳಗೆ ಊಟ ಮುಗಿಸುವವರಿಗೆ ಬೆಂಗಳೂರಿನ ಸಂಚಾರದಲ್ಲಿ ಅದು ಸುಲಭವಲ್ಲ. ರಾತ್ರಿಭೋಜನ ತ್ಯಾಗ ಮಾಡಿದವರು ಪಾಳಿ ಯಾವುದು, ಸಂಜೆ ಐದರ ಸುಮಾರಿಗೆ ಡಬ್ಬಿ ಬಿಚ್ಚಲು ಬಿಡುವು ಸಿಗುತ್ತದೆಯೇ ಎಂದು ಮೊದಲೇ ಕೇಳುವುದರಲ್ಲಿ ಸಂಕೋಚವಿಲ್ಲ. ದಶಲಕ್ಷಣ ಪರ್ವ ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ ನಡೆಯುತ್ತದೆ. ಹಳೆಯ ಕೆಲಸದಲ್ಲಿ ವರ್ಷಗಳಿಂದ ಕೂಡಿಟ್ಟ ರಜೆ ಹೊಸ ಕಡೆ ಸೊನ್ನೆಯಿಂದ ಶುರುವಾಗುತ್ತದೆ, ಪರೀಕ್ಷಾರ್ಥ ಅವಧಿಯಲ್ಲಿ ರಜೆ ಇನ್ನೂ ಕಡಿಮೆ ಇರಬಹುದು. ಸೇರುವ ಮುನ್ನ ಕೇಳಿದ ಎರಡು ದಿನದ ರಜೆ ಸಿಗುವುದು ಸುಲಭ, ಸೇರಿದ ಮೇಲೆ ಕಷ್ಟ.

ಕೆಲಸದ ಸ್ವರೂಪವೂ ಯೋಚಿಸಬೇಕಾದ್ದೇ. ಶ್ರಾವಕಾಚಾರ ಹೇಳುವ ಹದಿನೈದು ಕರ್ಮಾದಾನಗಳಲ್ಲಿ ವಿಷವಾಣಿಜ್ಯವೂ ಒಂದು. ಚಿಕ್ಕು, ದಾಳಿಂಬೆ ತೋಟಗಳ ಈ ಸೀಮೆಯಲ್ಲಿ ಕೀಟನಾಶಕ ಕಂಪನಿಯ ಮಾರಾಟ ಅಧಿಕಾರಿಯ ಹುದ್ದೆಗೆ ಒಳ್ಳೆಯ ಸಂಬಳ ಸಿಗಬಹುದು. ಸಕ್ಕರೆ ಕಾರ್ಖಾನೆಯ ಲೆಕ್ಕಪತ್ರದಲ್ಲಿದ್ದವರಿಗೆ ಡಿಸ್ಟಿಲರಿ ವಿಭಾಗಕ್ಕೆ ಬಡ್ತಿ ಸಿಗಬಹುದು. ಒಪ್ಪುವುದು ಬಿಡುವುದು ಅವರವರ ವ್ರತ ಮತ್ತು ಮನಸ್ಸಿಗೆ ಬಿಟ್ಟದ್ದು. ಆದರೆ ಸೇರಿದ ಮೇಲೆ ಪ್ರತಿದಿನ ಮನಸ್ಸು ಚುಚ್ಚುವ ಕೆಲಸಕ್ಕೆ ಹಳೆಯ ನೌಕರಿ ಬಿಟ್ಟರೆ ಹಿಂದೆ ಬರುವ ದಾರಿ ಇರುವುದಿಲ್ಲ. ಸೇರುವ ಮುನ್ನವೇ ಹಿರಿಯರೊಂದಿಗೆ ಮಾತಾಡಿಕೊಳ್ಳುವುದು ಒಳ್ಳೆಯದು.

ಇನ್ನು ಊರು ಬಿಡುವ ಮಾತು. 1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ಅಂದಿನ ಬಿಜಾಪುರಕ್ಕೆ ಹೋದಾಗ ಕಚೇರಿಗಳೂ ಹೋದವು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಭಾಗಗಳು ಮುಳುಗಿದಾಗ ಜನ ನವನಗರಕ್ಕೆ ಬಂದರು. ಅವು ಮೇಲಿನಿಂದ ಬಂದ ನಿರ್ಧಾರಗಳು. ಕೆಲಸಕ್ಕಾಗಿ ಹೋಗುವುದು ಮನೆಯವರ ಕೈಯಲ್ಲೇ ಇರುವ ನಿರ್ಧಾರವಾದ್ದರಿಂದ ಎಲ್ಲರ ಮಾತು ಕೇಳಿಯೇ ಆಗಬೇಕು. ಹೆಂಡತಿ ಇಲ್ಲಿ ಶಿಕ್ಷಕಿಯಾಗಿದ್ದರೆ ಅವರ ಸಂಬಳ, ಅವರ ಸೇವೆಯ ವರ್ಷಗಳಿಗೂ ಇದೇ ಲೆಕ್ಕ ಹಾಕಬೇಕು. ಗಂಡ ಮೊದಲು ಒಬ್ಬನೇ ಹೋಗುವುದಾದರೆ ಎರಡು ಅಡುಗೆಮನೆಯ ಖರ್ಚಿದೆ, ಗೋಲಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿಯೆಲ್ಲ ಬಂದು ಒಂದು ದಿನ ಇದ್ದು ಮರಳುವ ದಣಿವಿದೆ. ಹಾಗಿದ್ದರೂ ಆರು ತಿಂಗಳು ಹೀಗೆ ನೋಡಿ, ಕೆಲಸ ಖಾಯಂ ಆದ ಮೇಲೆ ಸಂಸಾರ ಸಾಗಿಸುವುದು ಮಕ್ಕಳ ಶಾಲೆಯ ದೃಷ್ಟಿಯಿಂದ ಸುರಕ್ಷಿತ.

ಹಳೆಯ ಮಾಲೀಕರು ಹೆಚ್ಚಿಸುತ್ತೇವೆ ಎಂದರೆ

ರಾಜೀನಾಮೆಯ ಮಾತು ಎತ್ತಿದ ಮೇಲೆ ಹಳೆಯ ಸಂಸ್ಥೆ ಸಂಬಳ ಏರಿಸಲು ಮುಂದಾಗುವುದುಂಟು. ಸಂಬಳ ಮಾತ್ರವೇ ಕೊರತೆಯಾಗಿದ್ದರೆ ಉಳಿಯಬಹುದು. ಆದರೆ ಹೊಸ ಸಂಬಳ, ಜಾರಿಯಾಗುವ ತಿಂಗಳು ಮತ್ತು ಹುದ್ದೆ ಕಾಗದದ ಮೇಲೆ ಬರಬೇಕು. ಕಲಿಯಲು ಏನೂ ಉಳಿದಿಲ್ಲ, ಮಾತಿಗೆ ಬೆಲೆಯಿಲ್ಲ ಎಂಬ ಕಾರಣಕ್ಕೆ ಹೊರಟವರಿಗೆ ಹೆಚ್ಚಿದ ಸಂಬಳ ಆ ಕೊರತೆಯನ್ನು ತುಂಬುವುದಿಲ್ಲ. ಹೋಗುವ ಮನಸ್ಸೇ ಇಲ್ಲದೆ ಸಂಬಳ ಏರಿಸಿಕೊಳ್ಳಲು ಬೇರೆ ಕಂಪನಿಯ ಪತ್ರ ತೋರಿಸುವುದು ವರ್ಷಗಳಿಂದ ಗಳಿಸಿದ ನಂಬಿಕೆಗೆ ಪೆಟ್ಟು ಕೊಡುತ್ತದೆ.

ಹೊರಡುವುದೆಂದು ನಿರ್ಧರಿಸಿದರೆ

1. ಹೊಸ ಸಂಸ್ಥೆಯ ನೇಮಕಾತಿ ಪತ್ರ ಕೈಗೆ ಬರುವವರೆಗೆ ರಾಜೀನಾಮೆ ಕೊಡಬಾರದು. ಫೋನಿನ ಮಾತು ಸಾಲದು. ಪತ್ರದಲ್ಲಿ ಮೂಲವೇತನ, ಖಾತ್ರಿಯಿಲ್ಲದ ಮೊತ್ತ, ಪಾಳಿ, ನೋಟಿಸ್ ಅವಧಿ, ಬಾಂಡ್ ಇದೆಯೇ ಎಂಬುದನ್ನು ಓದಬೇಕು.
2. ಹೊಸ ಸಂಸ್ಥೆಯಲ್ಲಿ ದುಡಿಯುತ್ತಿರುವ ಒಬ್ಬರನ್ನಾದರೂ ಕಂಡು, ಸಂಬಳ ಪ್ರತಿ ತಿಂಗಳು ಯಾವ ದಿನಕ್ಕೆ ಬರುತ್ತದೆ ಎಂದು ವಿಚಾರಿಸಬೇಕು.
3. ಸೇರಿದ ದಿನಾಂಕ ತೆಗೆದು ನೋಡಿ ಐದು ವರ್ಷ ಅಥವಾ ವರ್ಷದ ಅರ್ಧ ದಾಟಲು ಎಷ್ಟು ದಿನ ಬಾಕಿ ಎಂದು ಎಣಿಸಬೇಕು. ಕೊನೆಯ ಕೆಲಸದ ದಿನವನ್ನು ಅದಕ್ಕೆ ಹೊಂದಿಸಬೇಕು.
4. ರಾಜೀನಾಮೆ ಲಿಖಿತವಾಗಿರಲಿ, ಸ್ವೀಕರಿಸಿದ ಸಹಿ ಅಥವಾ ಇಮೇಲ್ ಉಳಿಸಿಕೊಳ್ಳಬೇಕು.
5. ವೇತನ ಸಂಹಿತೆಯ ಪ್ರಕಾರ ಬಾಕಿ ವೇತನ ಎರಡು ಕೆಲಸದ ದಿನಗಳಲ್ಲಿ, ಗ್ರಾಚ್ಯುಟಿ 30 ದಿನಗಳಲ್ಲಿ ಬರಬೇಕು. ಗ್ರಾಚ್ಯುಟಿಗೆ ಅರ್ಜಿ ಕೊಡುವುದನ್ನು ಮರೆಯಬಾರದು.
6. ಬಿಡುಗಡೆ ಪತ್ರ, ಅನುಭವ ಪತ್ರ, ಕೊನೆಯ ಮೂರು ತಿಂಗಳ ವೇತನ ಚೀಟಿ, ಫಾರ್ಮ್ 16 ಪಡೆದುಕೊಳ್ಳಬೇಕು. ಭವಿಷ್ಯ ನಿಧಿ ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕ ದಾಖಲಾಗಿದೆಯೇ ಎಂದು ನೋಡಬೇಕು.
7. ಲೆಕ್ಕದ ಪುಸ್ತಕ, ಕೀಲಿಕೈ, ಗಿರಾಕಿಗಳ ಬಾಕಿ ಪಟ್ಟಿ ಎಲ್ಲವನ್ನೂ ಒಪ್ಪಿಸಿ ಸಹಿ ಪಡೆಯಬೇಕು. ಮುಂದೆ ಮಾತು ಬರದಂತೆ ಕಾಯುವುದು ಆ ಒಂದು ಸಹಿ.

ಗ್ರಾಚ್ಯುಟಿಯ ಹಣ ಕೈಗೆ ಬಂದಾಗ ಅದನ್ನು ಆರು ತಿಂಗಳ ಮನೆಖರ್ಚಿನ ಆಪತ್ತಿನ ನಿಧಿಯಾಗಿ ಬ್ಯಾಂಕಿನಲ್ಲಿ ಬೇರೆ ಇಡುವುದು ಒಳ್ಳೆಯದು. ಹೊಸ ಕೆಲಸ ಒಗ್ಗದೆ ಹೋದರೂ ಇನ್ನೊಂದು ಹುಡುಕುವವರೆಗೆ ಮನೆಯವರ ಮುಂದೆ ಕೈಚಾಚುವ ಪ್ರಸಂಗ ಬರುವುದಿಲ್ಲ. 9 ವರ್ಷ 4 ತಿಂಗಳಿನ ಆ ನೌಕರ ಕೊನೆಗೆ ಹೋಗಲಿ, ಉಳಿಯಲಿ, 50,000 ಎಂಬ ಅಂಕಿಯನ್ನು ನೋಡಿ ಹೋಗಬಾರದು, ಸರ್ವಿಸ್ ಹೋಗುತ್ತದೆ ಎಂಬ ಮಾತಿಗೆ ಹೆದರಿ ಉಳಿಯಲೂ ಬಾರದು. ಮನೆಯವರೆಲ್ಲ ಕೂತು ಒಂದು ಹಾಳೆಯಲ್ಲಿ ಈ ಲೆಕ್ಕ ಬರೆಯಲು ಒಂದು ಸಂಜೆ ಸಾಕು.